ಪಟ್ಟಿಯಲ್ಲಿ ಬಿಟ್ಟುಹೋದ ಹತ್ತೊಂಬತ್ತು ಮಕ್ಕಳು

ಹೆರಿಗೆ ಆಸ್ಪತ್ರೆಯ ದಾಖಲೆ ವಿಭಾಗದ ಆಕೆಯನ್ನು ಎಲ್ಲರೂ ಕಡತದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅದೇ ಕುರ್ಚಿ. ಕೇಳಿದ ಕಾಗದವನ್ನು ಕಣ್ಣುಮುಚ್ಚಿ ತೆಗೆದುಕೊಡುವವಳೆಂಬ ಹೆಸರಿತ್ತು. ಡಾಕ್ಟರುಗಳು ಕನ್ನಡಕ ಕಳೆದುಕೊಂಡರೂ ಅವಳನ್ನೇ ಕೇಳುತ್ತಿದ್ದರು.

ಆಸ್ಪತ್ರೆಯ ಮೂರು ಕಟ್ಟಡಗಳ ದಾಖಲೆಗಳು ಕಂಪ್ಯೂಟರಿನಲ್ಲಿ ಬೇರೆಬೇರೆಯಾಗಿದ್ದವು. ಹುಟ್ಟುವಾಗಲೇ ತೀರಿಕೊಂಡ ಮಕ್ಕಳ ಪಟ್ಟಿ ಬೇಕಾದಾಗ ಆಕೆ ಮೂರಕ್ಕೂ ಒಂದೊಂದು ಪ್ರಶ್ನೆ ಬರೆದು, ನಡುವೆ ‘ಯೂನಿಯನ್’ ಎಂಬ ಪದ ಹಾಕಿ, ಬಂದ ಉತ್ತರಗಳನ್ನೆಲ್ಲ ಒಂದೇ ಪಟ್ಟಿಯಾಗಿ ಸೇರಿಸುತ್ತಿದ್ದಳು. ತಾಯಿಯ ಹೆಸರು, ದಿನಾಂಕ, ಹೆಣ್ಣೋ ಗಂಡೋ. ಹೆಸರಿಡುವ ಮೊದಲೇ ಹೋದವರ ಬಗ್ಗೆ ಬರೆಯಲು ಇನ್ನೇನಿರುತ್ತದೆ.

ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಹೊಸ ಮೇಲಧಿಕಾರಿ ಒಂದೊಂದು ಕಟ್ಟಡದ ಸಂಖ್ಯೆಯನ್ನೂ ಬೇರೆಯಾಗಿ ಕೇಳಿದರು. ಮೂರನ್ನೂ ಕೂಡಿದರೆ ಒಟ್ಟು ಪಟ್ಟಿಗಿಂತ ಹತ್ತೊಂಬತ್ತು ಹೆಚ್ಚು. ಊಟ ಬಿಟ್ಟು ಹುಡುಕಿದಾಗ ಗೊತ್ತಾಯಿತು: ಎರಡು ಸಾಲುಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದರೆ ಯೂನಿಯನ್ ಒಂದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಬಿಟ್ಟುಹೋದವರೆಲ್ಲ ಅವಳಿಗಳು. ಅದೇ ತಾಯಿ, ಅದೇ ದಿನ, ಇಬ್ಬರೂ ಹೆಣ್ಣು ಇಲ್ಲವೇ ಇಬ್ಬರೂ ಗಂಡು. ಯಾವ ಸಾಲನ್ನೂ ಬಿಡದ ‘ಯೂನಿಯನ್ ಆಲ್’ ಎಂದು ತಿದ್ದಿದ ಕೂಡಲೇ ಹತ್ತೊಂಬತ್ತೂ ಸಾಲುಗಳು ಬಂದವು.

ಅವುಗಳಲ್ಲೊಂದು ಹೆಸರು ಆಕೆಗೆ ನೆನಪಿತ್ತು. ಒಂಬತ್ತು ವರ್ಷದ ಹಿಂದೆ ಆ ತಾಯಿ ದಾಖಲೆ ವಿಭಾಗದ ಕಿಟಕಿಯ ಮುಂದೆ ನಿಂತು, ತನಗೆ ಅವಳಿ ಹುಟ್ಟಿದ್ದವು, ಮಂಪರಿನಲ್ಲೂ ದಾದಿ ಹೇಳಿದ್ದು ಕಿವಿಗೆ ಬಿದ್ದಿದೆ ಎಂದು ಗೋಗರೆದಿದ್ದಳು. ಆಸ್ಪತ್ರೆಯವರೇ ಮಣ್ಣು ಮಾಡಿದ್ದರಿಂದ ಗಂಡನೂ ಏನನ್ನೂ ಕಂಡಿರಲಿಲ್ಲ. ಕಡತದಕ್ಕ ಪಟ್ಟಿ ನೋಡಿ, “ಒಂದೇ ಇರೋದಮ್ಮ” ಅಂದಿದ್ದಳು.

ಮರುದಿನ ಹೊಸ ಹಾಳೆ ಹಿಡಿದು ಆ ವಿಳಾಸದ ಮಹಡಿ ಹತ್ತಿದಳು. ಆ ತಾಯಿಯ ಗಂಡ, ಲಿಫ್ಟ್ ರಿಪೇರಿ ಮಾಡುವವ, ಎಣ್ಣೆಯ ಕೈ ಒರೆಸಿಕೊಳ್ಳುತ್ತ ಬಾಗಿಲು ತೆರೆದ.

“ತಪ್ಪು ನಂದು,” ಅಂದಳು. “ನಿಮ್ಮ ಮನೆಯವರು ಹೇಳಿದ್ದೇ ನಿಜ. ಇಬ್ರಿದ್ರು.”

ಆತ ಹಾಳೆ ತೆಗೆದುಕೊಂಡು ನೋಡಿದ. ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತೆಂದ. ಕೊನೆಯವರೆಗೂ ಇಬ್ಬರೆಂದೇ ಹೇಳುತ್ತಿದ್ದಳಂತೆ. ತಲೆ ಕೆಟ್ಟಿದೆಯೆಂದು ಮನೆಯವರೆಲ್ಲ ಸೇರಿ ಮಾತ್ರೆ ನುಂಗಿಸುತ್ತಿದ್ದರಂತೆ.

“ನಿಮ್ಮ ಕಾಗದ ನಂಬ್ದೆ. ಅವಳನ್ನ ನಂಬ್ಲಿಲ್ಲ.” ಹಾಳೆ ಮಡಚುತ್ತ ಕೇಳಿದ, “ಇಬ್ರೂ ಹೆಣ್ಣಾ?”

“ಹೌದು.”

ಆತ ಒಳಗೆ ಹೋಗಿ ಕುಡಿಯಲು ನೀರು ತಂದುಕೊಟ್ಟ. ಬೈಯಲಿಲ್ಲ. ಬೈದಿದ್ದರೆ ಆಕೆಗೆ ಹಗುರವಾಗುತ್ತಿತ್ತೇನೋ.

ಉಳಿದ ಮನೆಗಳನ್ನು ಹುಡುಕುವುದರಲ್ಲೇ ಆ ನಾಲ್ಕು ತಿಂಗಳು ಕಳೆದವು. ಸಿಕ್ಕಿದ್ದು ಹನ್ನೊಂದು ಮನೆ. ಒಬ್ಬ ತಾಯಿ ಹಾಳೆಯನ್ನು ಕೈಗೂ ತೆಗೆದುಕೊಳ್ಳದೆ, “ನಂಗೆ ಗೊತ್ತಿತ್ತು” ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು.