ಶಂಭುಲಿಂಗಯ್ಯನ ಅರ್ಧ ಪಾಠ

ಜಂಗಮವಾಡಿಯಲ್ಲಿ ಶಂಭುಲಿಂಗಯ್ಯನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಆತ ‘ಉಸ್ತಾದ್’. ಶಿವಾಲ ಓಣಿಯ ವ್ಯಾಯಾಮಶಾಲೆಯಲ್ಲಿ ಸಿಂಗಲ್ ಬಾರಿನ ಅಡ್ಡಕಂಬಿ ಹಿಡಿದು, ಗಡಿಯಾರದ ಮುಳ್ಳಿನಂತೆ ಪೂರ್ತಿ ಒಂದು ಸುತ್ತು ಹಾಕುವವನು ಆತನೊಬ್ಬನೇ. ನಾಗಪಂಚಮಿಯ ದಿನ ಎಲ್ಲರಿಗಿಂತ ಮೊದಲು ಆ ಸುತ್ತು ಹಾಕಿದವನ ತಲೆಗೆ ಕೇಸರಿ ಸಾಫಾ, ಅಂದರೆ ಪೇಟ, ಕಟ್ಟುವುದು ಅಲ್ಲಿಯ ರೂಢಿ. ಹನ್ನೊಂದು ವರ್ಷ ಆ ಸಾಫಾ ಬೇರೆ ತಲೆಯನ್ನೇ ಕಂಡಿರಲಿಲ್ಲ. ಸುಮ್ಮನೆ ಬಂತೇ? ಎರಡು ಸಲ ಕೊರಳೆಲುಬು ಮುರಿದಿತ್ತು, ಅಂಗೈ ಎಷ್ಟು ಸಲ ಸುಲಿದಿತ್ತೋ ಆ ಕೇದಾರೇಶ್ವರನೇ ಬಲ್ಲ.

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಆತನ ಬಳಿ ಕಲಿಯಲು ಬಂದ ನೋಡಿ, ಪ್ರಕಾಶ! ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವ ಮೈಸೂರಿನ ಜಯತೀರ್ಥರ ಮಗ. ಹಾರಿ ಬಾರ್ ಹಿಡಿದನೆಂದರೆ ಇವನ ಮೈಯಲ್ಲಿ ಎಲುಬಿದೆಯೋ ಇಲ್ಲವೋ ಅನ್ನಿಸಬೇಕು. ಮೂರೇ ತಿಂಗಳಲ್ಲಿ ಸುತ್ತು ಮುಕ್ಕಾಲು ಬಂತು. ತುದಿಗೆ ಒಂದು ಮೊಳ ಇದೆ ಎನ್ನುವಾಗ ನಿಂತು, ಬಂದ ದಾರಿಯಲ್ಲೇ ವಾಪಸು. ಆ ಒಂದು ಮೊಳ ನೋಡಿದಾಗಲೆಲ್ಲ ಶಂಭುಲಿಂಗಯ್ಯನ ಹೊಟ್ಟೆ ತಣ್ಣಗಾಗುತ್ತಿತ್ತು.

“ಮೇಷ್ಟ್ರೇ, ಅಪ್ಪ ಬೋರ್ಡ್ ಮೇಲೆ ಬರೆದು ತೋರಿಸಿದ್ರು. ತೂಗಾಡೋ ಗುಂಡು ಬಿಟ್ಟಷ್ಟು ಎತ್ತರಕ್ಕೆ ತಾನಾಗಿ ಮತ್ತೆ ಹೋಗಲ್ವಂತೆ. ದಾರೀಲಿ ಎಲ್ಲೋ ಬಲ ಸೇರಿಸಬೇಕಂತೆ. ಎಲ್ಲಿ ಅಂತ ನಿಮ್ಮ ಮೇಷ್ಟ್ರನ್ನೇ ಕೇಳು ಅಂದ್ರು,” ಎಂದ ಪ್ರಕಾಶ ಒಂದು ದಿನ.

ಎಲ್ಲಿ ಎಂದು ಶಂಭುಲಿಂಗಯ್ಯನ ಸೊಂಟಕ್ಕೆ ಗೊತ್ತಿತ್ತು. ಇಳಿಯುವಾಗ ಮೈ ಆದಷ್ಟು ಉದ್ದ. ಬುಡ ದಾಟಿ ಏರುವಾಗ ಸೊಂಟ, ಹೆಗಲು ತುಸು ಮಡಿಸಿ ಗಿಡ್ಡ. ಗಿಡ್ಡಾದ ಮೈ ಬೇಗ ತಿರುಗಿ ತುದಿ ಮುಟ್ಟುತ್ತದೆ. ಇಷ್ಟೇ ಗುಟ್ಟು. ಏಳು ವರ್ಷ ಬಿದ್ದೂ ಬಿದ್ದೂ ಕಂಡುಕೊಂಡದ್ದನ್ನು ಇವನಿಗೆ ಬಿಟ್ಟಿ ಕೊಡಬೇಕೆ?

“ಏನಿಲ್ಲೋ ತಮ್ಮಾ, ಸುತ್ತು ಮುಗಿಯೂತನಕ ಮೈ ಕಟಗಿ ಹಂಗ ನೆಟ್ಟಗ ಇಟಗೋ,” ಎಂದ.

ಅರ್ಧ ನಿಜ, ಅರ್ಧ ದ್ರೋಹ. ಮನೆಯಲ್ಲಿ ಹೆಂಡತಿ ಸಂಗಮ್ಮ ಕೇಳಿಯೇ ಬಿಟ್ಟಳು: “ಆ ಹುಡುಗನ ಹೆಸರು ತಗದ್ರ ರೊಟ್ಟಿ ಯಾಕ ಗಂಟಲದಾಗ ನಿಲ್ಲತೈತ್ರಿ ನಿಮಗ?”

“ಸುಮ್ನ ಪಲ್ಯೆ ಹಾಕು.”

ನಾಗಪಂಚಮಿಯ ಬೆಳಿಗ್ಗೆ ಜನ ಕಿಕ್ಕಿರಿದಿದ್ದರು. ಚೀಟಿ ಎತ್ತಿದರೆ ಮೊದಲ ಸರದಿ ಪ್ರಕಾಶನದು. ಬಿದ್ದರೆ ಹಿಡಿಯಲು ಕೆಳಗೆ ನಿಂತವನು ಶಂಭುಲಿಂಗಯ್ಯ. ಬೇರೆ ಯಾರೂ ಬೇಡ, ಮೇಷ್ಟ್ರೇ ಬೇಕು ಎಂದು ಹುಡುಗ ಹಟ ಹಿಡಿದಿದ್ದ. ಒಂದು ಸಲ ಏರಿದ, ಮೊಳ ಉಳಿಯಿತು. ಎರಡನೆಯ ಸಲವೂ ಉಳಿಯಿತು. ಆಗಲಿ, ಚೆನ್ನಾಗಾಗಲಿ ಎಂದು ಶಂಭುಲಿಂಗಯ್ಯ ಒಳಗೊಳಗೇ ಕುಣಿದ. ಮೂರನೆಯ ಸಲ ಹಿಂದಕ್ಕೆ ಬೀಳುವಾಗ ಹುಡುಗನ ಬೆರಳು ಬಾರಿನ ಮೇಲೆ ಸಡಿಲಾದದ್ದು ಅವನ ಕಣ್ಣಿಗೆ ಬಿತ್ತು. ಇನ್ನೊಮ್ಮೆ ಹಾಗೆ ಬಿದ್ದರೆ ಕೈ ಕಿತ್ತುಬರುತ್ತದೆ, ಎಷ್ಟು ತೋಳು ಚಾಚಿದರೂ ಹಿಡಿಯಲಾಗದು. ಪ್ರಕಾಶ ಮತ್ತೆ ತೂಗಿ ಬಂದು ಬುಡ ದಾಟಿದ.

“ಮಡಚೋ! ಸೊಂಟಾ ಮಡಚು! ಗಿಡ್ಡಾಗೋ!”

ಕೂಗಿದ್ದು ತಾನೇ ಎಂದು ಶಂಭುಲಿಂಗಯ್ಯನಿಗೆ ತಿಳಿದದ್ದು ಕೂಗಿದ ಮೇಲೆ. ಹುಡುಗ ಮಡಚಿದ. ಕಾಲು ಸರ್ರನೆ ಮೇಲೇರಿ, ಮೈ ಬಾರಿನ ಮೇಲೆ ನೆಟ್ಟಗೆ ನಿಂತು, ಆಚೆ ಇಳಿಯಿತು. “ವಾಹ್ ಉಸ್ತಾದ್!” ಎಂದು ಜನ ಅರಚಿದರು. ಯಾರೂ ಶಂಭುಲಿಂಗಯ್ಯನ ಕಡೆ ನೋಡುತ್ತಿರಲಿಲ್ಲ.

ಸಾಫಾ ಕಟ್ಟಿಸಿಕೊಂಡ ಪ್ರಕಾಶ ನೇರ ಅವನ ಬಳಿಗೆ ಬಂದ. “ಮೇಷ್ಟ್ರೇ, ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?”

ಒಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಹುಡುಗನ ಅಂಗೈ ಕಂಡಿತು. ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು.

“ಹೊಟ್ಟಿಕಿಚ್ಚಪಾ. ಹೇಳಿದ್ರ ನೀ ನನ್ನ ಮೀರತಿದ್ದಿ.”

ಹುಡುಗ “ಈಗ?” ಎಂದ.

“ಈಗೂ ಐತಿ,” ಎಂದ ಶಂಭುಲಿಂಗಯ್ಯ. “ಕೈ ತಾ ಇಲ್ಲಿ, ಅರಿಷಿಣ ಹಚ್ಚತೀನಿ.”