ಕಾರ್ಡಿನಲ್ಲಿ ಉಲ್ಟಾ ಆದ ಮೂರನೇ ಆಲ್ಬಮ್

ನಮ್ಮ ಮನೆಯಲ್ಲಿ ಡಿಗ್ರಿ ಎನ್ನುವುದು ಆಗದ ಮಾತು ಎಂದವರು ನನ್ನ ದೊಡ್ಡಪ್ಪ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮುಗಿಲು ನೋಡಿ ಇವತ್ತು ಮಳೆ ಇಲ್ಲ ಎನ್ನುವ ಹಾಗೆ ಹೇಳಿದರು. "ಅಪ್ಪ ನಾಲ್ಕನೇ ಕ್ಲಾಸು, ಅವ್ವ ಹೆಬ್ಬೆಟ್ಟು, ಅಣ್ಣ ಎಸ್ಸೆಲ್ಸಿಗೆ ಮೂರು ಸಲ ಕೂತ. ಇವ್ಳೊಬ್ಳು ಮ್ಯಾಲಿಂದ ಇಳಿದು ಬಂದ್ಳಾ? ಆಗಲ್ಲ ಬಿಡ್ರೋ."

ಡಿಗ್ರಿಯ ಎರಡನೇ ವರ್ಷ ನಾನು ಇಂಗ್ಲಿಷಿನಲ್ಲಿ ಫೇಲಾದೆ. ಅಪ್ಪ, "ಇದೊಂದ್ಸಲ ಆಯ್ತು. ಇನ್ನೊಂದ್ಸಲ ಹಿಂಗಾದ್ರೆ ಕಾಲೇಜು ಸಾಕು" ಎಂದು ಎದ್ದು ಹೋದರು. ಇಂಗ್ಲಿಷನ್ನು ಮರುವರ್ಷ ಕಟ್ಟಿ ಪಾಸು ಮಾಡಿಕೊಂಡೆ. ಉಳಿದದ್ದು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟು. ಅದೊಂದು ಬಿದ್ದರೆ ಎಲ್ಲವೂ ಬಿದ್ದಂತೆ.

ನಾನು ಪಂಚನಹಳ್ಳಿ ಕಡೆಯವಳು. ಕಡೂರಿನ ಕಾಲೇಜಿನಲ್ಲಿ ಬಿ.ಎ., ಅದರಲ್ಲಿ ಪತ್ರಿಕೋದ್ಯಮ. ಪ್ರಾಜೆಕ್ಟಿಗೆ ವಿಷಯ ಹುಡುಕಿಕೊಂಡು ಬನ್ನಿ ಎಂದು ಮೇಡಂ ಹೇಳಿದಾಗ ಎಲ್ಲರೂ ಸ್ತ್ರೀಶಕ್ತಿ ಸಂಘ, ಹಾಲಿನ ಡೇರಿ ಎಂದು ಬರೆದುಕೊಟ್ಟರು. ನಾನು ಬರೆದದ್ದು: ಒಂದು ರಾಕ್ ಬ್ಯಾಂಡಿನ ಆಲ್ಬಮ್‌ಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂದು ಅಭಿಮಾನಿಗಳು ಹೇಗೆ ತೀರ್ಮಾನಿಸುತ್ತಾರೆ.

"ಇದೂ ಒಂದು ವಿಷಯಾನೇನಮ್ಮ?" ಎಂದರು ಮೇಡಂ.

"ದಿನಾ ಜಗಳ ಆಗ್ತದೆ ಮೇಡಂ. ಜಗಳ ಇದ್ದ ಕಡೆ ಸುದ್ದಿ ಇರುತ್ತೆ ಅಂತ ನೀವೇ ಹೇಳಿದ್ರಲ್ಲ."

ಅವರು ನಕ್ಕು ಸಹಿ ಹಾಕಿದರು.

ಜಗಳ ನಿಜವಾಗಿಯೂ ಇತ್ತು. ಬ್ಯಾಂಡಿನ ಹೆಸರು ಬರೆಯುವುದಿಲ್ಲ, ಬರೆದರೆ ಮತ್ತೆ ಶುರುವಾಗುತ್ತದೆ. ಕನ್ನಡದಲ್ಲೇ ಹಾಡುವ ಐದು ಜನ, ಗಿಟಾರು, ಡ್ರಮ್ಮು, ನಾಲ್ಕು ಆಲ್ಬಮ್. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ಜಾಲಾಡಿದರೂ ಅವರಿಗೆ ಅಭಿಮಾನಿಗಳು ಹನ್ನೆರಡೇ ಜನ. ಅವರಲ್ಲಿ ನಾವು ಹನ್ನೊಂದು ಜನ ಶನಿವಾರ ಕಾಲೇಜು ಬಿಟ್ಟ ಮೇಲೆ ಕಡೂರು ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಹತ್ತಿರ ಸೇರುತ್ತಿದ್ದೆವು. ಅವರವರ ಬಸ್ಸು ಬರುವ ತನಕ ವಾದ, ಬಸ್ಸು ಬಂದರೆ ಕಿಟಕಿಯಿಂದ ವಾದ.

ಮೊದಲನೇ ಆಲ್ಬಮ್ ಮೇಲು ಎನ್ನುವುದರಲ್ಲಿ ಹೆಚ್ಚು ತಕರಾರಿರಲಿಲ್ಲ. ಎರಡನೆಯದು, ನಾಲ್ಕನೆಯದು ಹಿಂದೆ ಮುಂದೆ ಆಗುತ್ತಿದ್ದವು. ಜಗಳವೆಲ್ಲ ಮೂರನೆಯದರ ಮೇಲೆ. ತಲೆಬುಡ ಇಲ್ಲದ ಆಲ್ಬಮ್ ಅದು. ಶುರುವಿನಲ್ಲೇ ಜೋಗುಳ. ಆಮೇಲೆ ಸಂತೆಯ ಗಲಾಟೆ. ಆಮೇಲೆ ಯಾರೋ ಮನೆಗೆ ಬಂದು ಊಟಕ್ಕೆ ಕೂರುತ್ತಾನೆ. ಆಮೇಲೆ ಆಫೀಸಿನಲ್ಲಿ ಬೈಸಿಕೊಳ್ಳುತ್ತಾನೆ. ಎಲ್ಲ ಮುಗಿಯಿತು ಅನ್ನುವಾಗ ಬೆಳಗಿನ ಬಸ್ಸು ಹತ್ತುತ್ತಾನೆ. ನಾನು ಅದನ್ನು ಕೊನೆಯ ಸ್ಥಾನಕ್ಕೆ ತಳ್ಳಿದ್ದೆ. ಅಜ್ಜಂಪುರದ ಹುಡುಗನೊಬ್ಬನಿದ್ದ, ನನ್ನದೇ ಕ್ಲಾಸಿನವನು. ಅವನಿಗೆ ಅದೇ ಪ್ರಪಂಚದಲ್ಲಿ ಶ್ರೇಷ್ಠ.

"ಅರ್ಥ ಆಗ್ಬಾರ್ದು ಕಣೇ. ಅದೇ ರಾಕ್!" ಎನ್ನುತ್ತಿದ್ದ.

"ಅರ್ಥ ಆಗ್ದೆ ಇರೋದೆಲ್ಲ ರಾಕ್ ಆದ್ರೆ ನಿನ್ನ ಇಂಟರ್ನಲ್ ಪೇಪರ್ರೂ ರಾಕೇ ಕಣೋ."

"ಉಣ್ಣೋದು ಮೊದ್ಲು, ದುಡಿಯೋದು ಆಮೇಲೆ. ಕಾಲವನ್ನೇ ಮುರಿದವ್ರೆ. ನಿಮ್ ಪಂಚನಹಳ್ಳಿ ಬಸ್ಸಿನಾಗೆ ಕೂತೋರಿಗೆ ಹೆಂಗೆ ಗೊತ್ತಾಗ್ಬೇಕು?"

"ನಿಮ್ ಅಜ್ಜಂಪುರದ ಬಸ್ಸು ಟೈಮಿಗೆ ಬಂದ್ಬಿಡ್ತದಲ್ಲ, ಹೋಗೋ."

ಇದನ್ನೆಲ್ಲ ಬರೆದುಕೊಂಡೆ. ಹನ್ನೊಂದು ಜನರ ಮಾತು, ಅವರವರ ಪಟ್ಟಿ, ಕೊನೆಗೆ ನನ್ನ ವಿಶ್ಲೇಷಣೆ. ಮೂರನೇ ಆಲ್ಬಮ್ ಯಾಕೆ ಸೋತಿತು ಎಂಬುದಕ್ಕೇ ಎಂಟು ಪುಟ. ಟೈಪ್ ಮಾಡಿಸಿ, ಬೈಂಡ್ ಮಾಡಿಸಿ ಕಾಲೇಜಿಗೆ ಒಪ್ಪಿಸಿದೆ. ಮೌಖಿಕ ಪರೀಕ್ಷೆಗೆ ಇನ್ನೂ ನಾಲ್ಕು ದಿನ ಇತ್ತು.

ಹನ್ನೆರಡನೆಯ ಅಭಿಮಾನಿ ಇದ್ದದ್ದು ತರೀಕೆರೆಯಲ್ಲಿ. ವೃತ್ತಿಯಲ್ಲಿ ಟೈಲರ್. ಬೆಂಗಳೂರಿಗೆ ಹೋಗಿ ಬ್ಯಾಂಡನ್ನು ಕಣ್ಣಾರೆ ನೋಡಿ ಬಂದ ಒಬ್ಬನೇ ಒಬ್ಬ ಎಂದು ಅವರ ಬಗ್ಗೆ ನಮಗೆಲ್ಲ ಗೌರವ. ಪರೀಕ್ಷೆಯಲ್ಲಿ ಹೇಳುವುದಕ್ಕೆ ಅವರ ಒಂದೆರಡು ಮಾತು ಇರಲಿ ಎಂದು ಬೀರೂರು ದಾಟಿ ಅವರ ಅಂಗಡಿಗೆ ಹೋದೆ. ಅವರು ಕತ್ತರಿ ಕೆಳಗಿಟ್ಟು, ಬಟ್ಟೆ ಅಳತೆಯ ಪುಸ್ತಕಗಳ ಹಿಂದಿನಿಂದ ಒಂದು ಸಿ.ಡಿ. ತೆಗೆದು ಕೈಗೆ ಕೊಟ್ಟರು. ಮೂರನೇ ಆಲ್ಬಮ್, ಅಸಲಿ. ಹಿಂದೆ ತಿರುಗಿಸಿ ಹಾಡುಗಳ ಪಟ್ಟಿ ಓದಿದೆ.

"ಅಣ್ಣಾ, ಇದು ತಪ್ಪು ಪ್ರಿಂಟಾಗೈತೆ. ಮೊದಲನೇ ಹಾಡು ಕೊನೆಗೆ ಹಾಕವ್ರೆ."

"ಏನು ತಪ್ಪು?"

"ಜೋಗುಳ ಅಲ್ವಾ ಮೊದ್ಲು?"

ಅವರು ನನ್ನನ್ನೇ ನೋಡಿದರು. "ತಂಗೀ, ಬೆಳಿಗ್ಗೆ ಬಸ್ ಹತ್ತೋ ಮೊದ್ಲೇ ಯಾರಾದ್ರೂ ಜೋಗುಳ ಹಾಡ್ಸ್ಕೊಂತಾರಾ? ಒಬ್ಬ ಮನುಷ್ಯನ ಒಂದು ದಿನ ಕಣಮ್ಮ ಅದು. ಬೆಳಿಗ್ಗೆ ಊರು ಬಿಡ್ತಾನೆ, ಆಫೀಸಿನಾಗೆ ಬೈಸ್ಕೊಂತಾನೆ, ಸಂತೆ ಮಾಡ್ತಾನೆ, ಮನೆಗೆ ಬಂದು ಉಣ್ತಾನೆ, ಮಗೀನ ಮಲಗಿಸ್ತಾನೆ. ನೀನು ಯಾವುದ್ರಾಗೆ ಕೇಳಿದ್ದು?"

ಕೇಳಿದ್ದು ಕಾರ್ಡಿನಲ್ಲಿ. ನಮ್ಮ ಊರುಗಳಲ್ಲಿ ನೆಟ್‌ವರ್ಕ್ ಒಂದು ಗಳಿಗೆ ಬಂದರೆ ಇನ್ನೊಂದು ಗಳಿಗೆ ಇಲ್ಲ. ಹಾಗಾಗಿ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವುದು ರೂಢಿ. ಅಜ್ಜಂಪುರದವನು ತುಂಬಿಸಿಕೊಂಡು ಬಂದಿದ್ದ, ಅವನದರಿಂದ ನಾವು ಹತ್ತೂ ಜನ ಇಳಿಸಿಕೊಂಡಿದ್ದೆವು. ಕಾರ್ಡಿನಲ್ಲಿ ಹಾಡುಗಳು ಆಲ್ಬಮ್ಮಿನ ಕ್ರಮದಲ್ಲಿ ಕೂರುವುದಿಲ್ಲ. ಶಾಲೆಯ ಹಾಜರಿಯ ಹಾಗೆ, ಹೆಸರಿನ ಇಂಗ್ಲಿಷ್ ಮೊದಲಕ್ಷರ ನೋಡಿಕೊಂಡು ಸಾಲಾಗಿ ಕೂರುತ್ತವೆ. ನಮ್ಮ ಕಾರ್ಡಿನ ಮನುಷ್ಯ ಊರು ಬಿಡುವ ಮೊದಲೇ ಊರಿಗೆ ವಾಪಸ್ ಬಂದು, ಉಂಡು, ಮಗುವನ್ನೂ ಮಲಗಿಸಿಬಿಟ್ಟಿದ್ದ. ಅದರ ಮೇಲೆ ನಾನು ಎಂಟು ಪುಟ ಬರೆದಿದ್ದೆ.

ಸಿ.ಡಿ. ಮೇಲಿನ ಕ್ರಮವನ್ನು ಒಂದು ಕಾಗದಕ್ಕೆ ಬರೆದುಕೊಂಡು ತರೀಕೆರೆಯಿಂದ ಬಸ್ಸು ಹತ್ತಿದೆ. ಕಡೂರಿನಲ್ಲಿ ಇಳಿದ ಕೂಡಲೇ ಅಜ್ಜಂಪುರದವನನ್ನು ಹಿಡಿದು ಹೇಳಿದೆ. ಅವನ ಮುಖ ನನಗಿಂತ ಬಾಡಿತು. ಕಾಲ ಮುರಿದದ್ದು ಬ್ಯಾಂಡಿನವರಲ್ಲ, ಅಂಗಡಿಯ ಕಂಪ್ಯೂಟರು ಎಂದರೆ ಅವನ ಗತಿಯೇನು?

"ಬಾಯ್ಮುಚ್ಕೊಂಡಿರು ಕಣೇ. ಪರೀಕ್ಷೆ ಮಾಡೋರು ಯಾವ್ ರಾಕ್ ಕೇಳಿರ್ತಾರೆ? ಸೀರೆ ನೆರಿಗೆ ಸರಿ ಮಾಡ್ಕೊಂಡು ಒಳಕ್ಕೆ ಹೋಗು, ನಾಲ್ಕು ಮಾತಾಡು, ಬಾ. ಪಾಸು."

"ಕೇಳಿದ್ರೆ?"

"ಕೇಳಿರಲ್ಲ."

"ಕೇಳಿದ್ರೆ ಏನೋ?"

ಅಜ್ಜಂಪುರದ ಬಸ್ಸು ಬಂತು ಎಂದು ಅವನು ಬ್ಯಾಗು ಹೆಗಲಿಗೇರಿಸಿದ.

ಊರಿಗೆ ಬಂದು, ಕಾಗದದಲ್ಲಿ ಬರೆದುಕೊಂಡು ಬಂದಿದ್ದ ಕ್ರಮದಲ್ಲೇ ಒಂದೊಂದು ಹಾಡನ್ನು ಹುಡುಕಿ ಹುಡುಕಿ ಹಾಕಿ ಕೇಳಿದೆ. ಅವ್ವ ಪಡಸಾಲೆಯಲ್ಲಿ ತೆಂಗಿನ ಸೋಗೆ ಸೀಳಿ ಪೊರಕೆ ಕಡ್ಡಿ ಮಾಡುತ್ತಿದ್ದಳು. ಹಿಂದೆಲ್ಲ ಇದನ್ನು ಹಾಕಿದರೆ "ತಗಡು ಬಡಿದಂಗೆ ಆಯ್ತದೆ, ನಿಲ್ಸೆ" ಎನ್ನುತ್ತಿದ್ದವಳು ಆ ದಿನ ಕಡ್ಡಿ ಸೀಳುತ್ತಲೇ ಕೊನೆಯ ತನಕ ಕೇಳಿದಳು. ಜೋಗುಳ ಮುಗಿದ ಮೇಲೆ, "ಪಾಪ, ದಿನಾನೂ ಹಿಂಗೇ ಓಡಾಡ್ತಾನೇನೋ" ಎಂದಳು. ಒಳ್ಳೆಯ ಆಲ್ಬಮ್ಮನ್ನು ಕೀಳು ಎಂದು ಬರೆದು, ಬೈಂಡ್ ಮಾಡಿಸಿ, ಸಹಿ ಹಾಕಿ ಕೊಟ್ಟಿದ್ದೆ.

ಸುಮ್ಮನಿದ್ದರೆ ಪಾಸಾಗಬಹುದು. ಹೇಳಿದರೆ, ನಿನ್ನ ಪ್ರಾಜೆಕ್ಟಿಗೆ ಬುಡವೇ ಇಲ್ಲ ಎಂದು ಕಳಿಸಿದರೂ ಕಳಿಸಿಯಾರು. ಎರಡು ದಿನ ಅತ್ತ ಇತ್ತ ಆಡಿದೆ. ನಮ್ಮ ಕಡೆ ಪಹಣಿಯಲ್ಲಿ ತಪ್ಪು ಬಿದ್ದರೆ ಯಾರೂ ಪಹಣಿ ಹರಿಯುವುದಿಲ್ಲ, ತಿದ್ದುಪಡಿಗೆ ಅರ್ಜಿ ಕೊಡುತ್ತಾರೆ. ಅಪ್ಪನಿಗಾಗಿ ನಾಡಕಚೇರಿಗೆ ಅಂಥ ಅರ್ಜಿ ಎಷ್ಟೋ ಬರೆದುಕೊಟ್ಟವಳು ನಾನೇ. ನನಗೆ ಚೆನ್ನಾಗಿ ಬರುತ್ತಿದ್ದ ಬರವಣಿಗೆ ಅದೊಂದೇ. ಒಂದು ಬಿಳಿ ಹಾಳೆ ತೆಗೆದುಕೊಂಡು "ವಿಷಯ: ಮೂರನೇ ಆಲ್ಬಮ್ಮಿನ ಕ್ರಮಾಂಕ ತಿದ್ದುಪಡಿ ಕುರಿತು" ಎಂದು ಶುರು ಮಾಡಿ, ಕಾರ್ಡಿನ ಕತೆಯನ್ನು ಇದ್ದದ್ದು ಇದ್ದ ಹಾಗೆ ಬರೆದು, ಕೆಳಗೆ "ತಮ್ಮ ವಿಶ್ವಾಸಿ" ಹಾಕಿದೆ.

ಪರೀಕ್ಷೆಯ ದಿನ ಮೇಡಂ ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಕೂತಿದ್ದರು. ನರೆಗೂದಲು, ಕುತ್ತಿಗೆಗೆ ಕನ್ನಡಕದ ದಾರ. ಅವರು ಪ್ರಶ್ನೆ ಕೇಳುವ ಮೊದಲೇ ಹಾಳೆ ಮುಂದಿಟ್ಟೆ. ಓದಿದರು. ಮೇಡಂಗೆ ದಾಟಿಸಿದರು. ಮೇಡಂ ಮುಖ ಕೆಂಪಗಾಯಿತು.

"ಅಂದ್ರೆ ಈ ಬೈಂಡ್ ಮಾಡಿಸಿರೋದೆಲ್ಲ ದಂಡ ಅಂತೀಯಾ?" ಎಂದರು ಪರೀಕ್ಷಕರು.

"ಇಲ್ಲ ಸರ್. ನಾವು ಹನ್ನೊಂದು ಜನ ಜಗಳ ಆಡಿದ್ದು ನಿಜ. ಅವರವರು ಕೊಟ್ಟ ಕಾರಣ ನಿಜ. ನಾವು ಕೇಳಿದ್ದು ಆ ಬ್ಯಾಂಡಿನವರು ಮಾಡಿದ ಆಲ್ಬಮ್ ಅಲ್ಲ, ಅಷ್ಟೇ. ಶ್ರೇಷ್ಠ ಅಂದೋರೂ ಅದನ್ನ ಕೇಳಿರಲಿಲ್ಲ, ಕಳಪೆ ಅಂದ ನಾನೂ ಕೇಳಿರಲಿಲ್ಲ."

"ಈಗ ಎಷ್ಟನೇ ಸ್ಥಾನ ಕೊಡ್ತೀಯ?"

"ಎರಡು ಸರ್."

"ಒಂದು ಯಾವುದು?"

"ಮೊದಲನೇ ಆಲ್ಬಮ್ ಸರ್." ಹೇಳಿದ ಮೇಲೆ ಹೊಳೆಯಿತು. "ಆದ್ರೆ ಅದನ್ನೂ ಕಾರ್ಡಿನಲ್ಲೇ ಕೇಳಿದ್ದು. ಇನ್ನೊಂದ್ಸಲ ನೋಡ್ಬೇಕು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಗಟ್ಟಿಯಾಗಿ ನಕ್ಕುಬಿಟ್ಟರು. "ಇಷ್ಟು ವರ್ಷದಲ್ಲಿ ಪ್ರಾಜೆಕ್ಟಿಗೆ ತಿದ್ದುಪಡಿ ಅರ್ಜಿ ಹಾಕಿದೋರನ್ನ ನಾನು ನೋಡಿಲ್ಲ ಮೇಡಂ" ಎಂದು, ಆ ಹಾಳೆಯನ್ನು ಪುಸ್ತಕದ ಕೊನೆಗೆ ಪಿನ್ ಮಾಡಿಸಿದರು. "ಇದೇ ನಿನ್ನ ಪ್ರಾಜೆಕ್ಟು. ಹೋಗಮ್ಮ, ಆಯ್ತು."

ಆಯ್ತು ಎಂದರೆ ಯಾವ ಆಯ್ತು ಎಂದು ತಿಳಿಯದೆ ಬಾಗಿಲಲ್ಲಿ ನಿಂತೆ. ಮೇಡಂ ಹಿಂದೆಯೇ ಬಂದು, "ಪಾಸು ಕಣೇ, ನಡಿ" ಎಂದು ಬೆನ್ನಿಗೆ ಒಂದು ಏಟು ಕೊಟ್ಟರು. ಹೊರಗೆ ನಲ್ಲಿಯ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಮೈ ಹಗುರವಾಗಿತ್ತು. ತಿಂಗಳುಗಟ್ಟಲೆ ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಇಳಿಸಿಕೊಂಡ ಹಾಗೆ. ಅಜ್ಜಂಪುರದವನು ಕಾದಿದ್ದ. ವಿಷಯ ಕೇಳಿ ನಿಟ್ಟುಸಿರು ಬಿಟ್ಟು, "ಎಲ್ಲ ಸರಿ, ಎರಡನೇ ಸ್ಥಾನ ಯಾಕ್ ಕೊಟ್ಟೆ? ಸರಿಯಾಗಿ ಕೇಳಿದ್ರೂ ಅದೇ ಒಂದನೇದು ಕಣೇ" ಎಂದ.

ಡಿಗ್ರಿ ಸರ್ಟಿಫಿಕೇಟು ಕಾಲೇಜಿಗೆ ಬರುವಷ್ಟರಲ್ಲಿ ಇನ್ನೊಂದು ವರ್ಷ ಹಿಡಿಯಿತು. ಬಂದಿದೆ ಎಂದು ಫೋನು ಬಂದಾಗ, ಕಾಲೇಜಿನ ಮೆಟ್ಟಿಲನ್ನೇ ಹತ್ತದ ಅವ್ವ, "ನಾನೂ ಬತ್ತೀನಿ" ಎಂದು ಹೊಸ ಸೀರೆ ಉಟ್ಟು ಹೊರಟಳು. ಆಫೀಸಿನ ಗುಮಾಸ್ತರು ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು, ದಪ್ಪ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ನಾನು ಅದನ್ನು ಹಾಗೆಯೇ ಅವ್ವನ ಕೈಗಿಟ್ಟೆ. ಅವಳು ಸೆರಗಿನಲ್ಲಿ ಬೆರಳು ಒರೆಸಿಕೊಂಡು, ಅಂಚು ಮಾತ್ರ ಹಿಡಿದು, ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ತೋರಿಸಿದ ಜಾಗವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗುಮಾಸ್ತರಿಗೂ ಕೇಳುವ ಹಾಗೆ ಹೇಳಿದಳು:

"ಇವ್ಳನ್ನ ಹೆರೋಕೆ ಒಂಬತ್ತೇ ತಿಂಗ್ಳು ಸ್ವಾಮಿ. ಇದಕ್ಕೆ ನಾಲ್ಕು ವರ್ಷ ಆಯ್ತು. ಸದ್ಯ, ಇದೂ ಸುಸೂತ್ರ ಆಯ್ತಲ್ಲ."