ಒಳಗೆ ಬಿಟ್ಟ ಬಟ್ಟೆ

ತೊಂಬತ್ತರ ದಶಕದಲ್ಲಿ ಕುವೈತಿನ ಖೈತಾನಿನಲ್ಲಿ ನಮ್ಮ ಕಟ್ಟಡದ ಕೆಳಗೆ ಉಡುಪಿ ಕಡೆಯ ಟೈಲರ್ ಒಬ್ಬರಿದ್ದರು. ಸಂಸಾರ ಊರಲ್ಲಿ, ಇವರ ಊಟ, ನಿದ್ದೆ ಎಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮಕ್ಕಳ ಬಟ್ಟೆ ಕೊಡುವಾಗ ಅಂಚನ್ನು ಮಗುಚಿ ತೋರಿಸದೆ ಬಿಡುತ್ತಿರಲಿಲ್ಲ. "ಒಳಗೆ ಬಟ್ಟೆ ಬಿಟ್ಟಿದ್ದೇನೆ ಟೀಚರ್. ಮಕ್ಕಳು ಬೆಳೀತಾರಲ್ವಾ?"

ಒಂದು ವರ್ಷ ನಮ್ಮ ಶಾಲೆಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ನಾಟಕ ಆಡಿಸಿದೆ. ಉಡುಪೆಲ್ಲ ಇವರದೇ. ಶ್ರೀಮಂತ ಹೆಂಗಸಿನ ಗೌನು ಗಂಟೆಯಂತೆ ಅರಳಿ ನಿಲ್ಲಲೆಂದು ನೀರಿನ ಪೈಪನ್ನು ಬಳೆಯಾಗಿ ಬಗ್ಗಿಸಿ ಒಳಗೆ ಹೊಲಿದರು. ಬೀದಿ ಗುಡಿಸುವ ಬಡ ಹುಡುಗಿಗೆ ಮೈಗೆ ಗಿಡ್ಡವಾದ, ತೇಪೆ ಹಾಕಿದ ಫ್ರಾಕು ಬೇಕೆಂದಿದ್ದೆ. ಗಿಡ್ಡವಾಗಿಯೇ ಹೊಲಿದಿದ್ದರು, ಅಂಚು ಮಗುಚಿದರೆ ಒಳಗೆ ನಾಲ್ಕು ಬೆರಳು ಬಟ್ಟೆ!

"ಒಂದು ದಿನದ ನಾಟಕಕ್ಕೂ ಯಾಕೆ ಮಾರಾಯ್ರೆ?" ಎಂದು ನಕ್ಕೆ.

"ಕತ್ತರಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ ಟೀಚರ್."

ಅಳತೆ ನೋಡಲು ನಾನು ಕರೆತಂದಿದ್ದ ಹುಡುಗಿ ಆ ಫ್ರಾಕು ತೊಟ್ಟು ನಿಂತಳು.

"ಯಾವ ಕ್ಲಾಸು ಮಗಾ?"

"ಸಿಕ್ಸ್ತ್, ಅಂಕಲ್."

"ನನ್ನ ಮಗಳೂ ಸಿಕ್ಸ್ತೇ. ಸ್ವಲ್ಪ ಹತ್ತಿರ ನಿಲ್ತೀಯಾ?"

ಅವಳ ನೆತ್ತಿ ಅವರ ಅಂಗಿಯ ಜೇಬಿನವರೆಗೆ ಬಂತು. ಅವಳು ಸರಿದ ಮೇಲೂ ಆ ಎತ್ತರ ಗುರುತಿಸಿದ ಅವರ ಅಂಗೈ ಜೇಬಿನ ಮೇಲೆಯೇ ಇತ್ತು.

ಆಮೇಲೆ, ಮಗಳಿಗೆಂದು ಅಂದಾಜಿನಲ್ಲಿ ಹೊಲಿದು ಊರಿಗೆ ಕಳಿಸಲು ಮಡಚಿಟ್ಟಿದ್ದ ಫ್ರಾಕನ್ನು ತೆಗೆದು ಆ ಹುಡುಗಿಯ ಹೆಗಲಿಗೆ ಹಿಡಿದರು. ಅಂಚಿನ ಹೊಲಿಗೆಯನ್ನೆಲ್ಲ ಬಿಚ್ಚಿ, ಇಳಿಸಿ, ಮತ್ತೆ ಹಿಡಿದರು.

ಒಳಗೆ ಬಿಟ್ಟಿದ್ದ ಬಟ್ಟೆ ಸಾಲುತ್ತಿರಲಿಲ್ಲ.